ಬಳ್ಳಾರಿ ಬಿಸಿಲಲ್ಲಿ ಯಾವ ಎಲೆಕ್ಟ್ರಾನಿಕ್ಸ್‌ಗೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಎಲೆಕ್ಟ್ರಾನಿಕ್ಸ್ ಸಾಮಾನು ಏನೇ ಕೊಳ್ಳುವಾಗಲೂ ನಾನು ಅಂಗಡಿಯವರಿಗೆ ಮೊದಲು ಕೇಳುವುದು ಒಂದೇ ಮಾತು: "ಇದರ ಬ್ಯಾಟರಿ ಹೋದರೆ ಬಳ್ಳಾರಿಯಲ್ಲೇ ಹಾಕಿಕೊಡುವವರು ಇದ್ದಾರಾ?" ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಪ್ರೊಸೆಸರ್ ಯಾವುದು ಅನ್ನುವುದೆಲ್ಲ ಆಮೇಲೆ. ಕೆಲವರು ಈ ಪ್ರಶ್ನೆಗೆ ಸುಮ್ನೆ ಮುಖ ನೋಡುತ್ತಾರೆ. ಕೆಲವರು ಸರಿಯಾಗಿ ಉತ್ತರ ಕೊಡುತ್ತಾರೆ. ಅಂಥವರ ಹತ್ತಿರವೇ ನನ್ನ ವ್ಯಾಪಾರ.

ನನ್ನ ಕೆಲಸ ಸಂಡೂರು ಕಡೆಯ ಅದಿರು ಯಾರ್ಡೊಂದರ ಲಾರಿ ಕಾಟಾದಲ್ಲಿ. ಲಾರಿ ಹತ್ತುತ್ತದೆ, ತೂಕ ಬರುತ್ತದೆ, ಚೀಟಿ ಕೊಡುತ್ತೇನೆ, ಮುಂದಿನ ಲಾರಿ. ಮನೆ ಬಳ್ಳಾರಿಯ ಕೌಲ್ ಬಜಾರ್ ಕಡೆ. ನಮ್ಮ ಮನೆಯವಳು ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುತ್ತಾಳೆ. ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ಅಪ್ಪ ಸಿರುಗುಪ್ಪ ಕಡೆ ಊರಲ್ಲಿದ್ದಾರೆ, ಬಿಪಿ, ಶುಗರ್ ಎರಡೂ ಇದೆ. ಇಷ್ಟು ಜನಕ್ಕೆ ಬೇಕಾದ ಫೋನು, ಚಾರ್ಜರ್, ಮೆಷಿನ್ ಎಲ್ಲ ನೋಡಿ ತರುವುದು ನನ್ನ ಪಾಲಿನ ಕೆಲಸ. ಕಾಟಾಕ್ಕೆ ಬರುವ ಡ್ರೈವರ್‌ಗಳೂ "ಸಾರ್, ಯಾವ ಫೋನ್ ತಗೊಳ್ಳಲಿ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಈ ಸಾಮಾನುಗಳು ಬಳಸಿ ಹಾಳಾಗುವುದಕ್ಕಿಂತ ಬಿಸಿಲಿಗೆ ಹಾಳಾಗುವುದೇ ಜಾಸ್ತಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಐಫೋನ್ ಬಳಸುವ ಜಾಗದ ಬಿಸಿ 0ಯಿಂದ 35 ಡಿಗ್ರಿ ಒಳಗಿರಬೇಕು ಅಂತ ಆಪಲ್ ಕಂಪನಿಯೇ ಹೇಳಿದೆ. ಲಕ್ಷ ರೂಪಾಯಿ ಕೊಟ್ಟರೂ ನಮ್ಮ ಬೇಸಿಗೆ ಮಧ್ಯಾಹ್ನ ಆ ಲೆಕ್ಕದ ಹೊರಗೇ ಉಳಿಯುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಅದರಲ್ಲೂ 100 ಪರ್ಸೆಂಟ್ ಚಾರ್ಜ್ ಆಗಿ ಬಿಸಿಯಲ್ಲೇ ಕೂತಿದ್ದರೆ ಬೇಗ ಸೊರಗುತ್ತದೆ. ಹಾಗೆ ಇಳಿದ ಶಕ್ತಿ ಮತ್ತೆ ಬರುವುದಿಲ್ಲ.

ಲಾರಿಯವರ ಫೋನ್ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಮುಂದಿನ ಗಾಜಿಗೆ ಹೋಲ್ಡರ್ ಅಂಟಿಸಿ, ಮ್ಯಾಪ್ ಹಾಕಿ, ಚಾರ್ಜರ್ ಸಿಕ್ಕಿಸಿ ಇಡೀ ದಿನ ಬಿಸಿಲಿಗೆ ಒಡ್ಡಿರುತ್ತಾರೆ. ಮಧ್ಯಾಹ್ನ ಆ ಫೋನನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಸ್ಕ್ರೀನ್ ತಾನಾಗಿಯೇ ಮಂಕಾಗುತ್ತದೆ, ಚಾರ್ಜ್ ಏರುವುದು ನಿಂತುಹೋಗುತ್ತದೆ. "ಫೋನ್ ಕೆಟ್ಟಿದೆ ಸಾರ್" ಅನ್ನುತ್ತಾರೆ. ಕೆಟ್ಟಿರುವುದಿಲ್ಲ. ಬಿಸಿ ಜಾಸ್ತಿಯಾದಾಗ ಬ್ಯಾಟರಿ ಉಳಿಸಲು ಫೋನೇ ಹಾಗೆ ಮಾಡುತ್ತದೆ. ಒಬ್ಬ ಡ್ರೈವರ್ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟಾಗ ಅದು ಸಮನಾಗಿ ಕೂರಲಿಲ್ಲ, ಗರಗರ ತಿರುಗಿತು. ಎತ್ತಿ ನೋಡಿದರೆ ಹಿಂದಿನ ಕವರ್ ಒಂದು ಅಂಚಿನಲ್ಲಿ ಉಗುರು ತೂರುವಷ್ಟು ಎದ್ದಿತ್ತು. ಬ್ಯಾಟರಿ ಊದಿಕೊಂಡು ಅದನ್ನು ಒಳಗಿನಿಂದ ದಬ್ಬುತ್ತಿತ್ತು. ಇಂಥ ಫೋನನ್ನು ಮತ್ತೆ ಚಾರ್ಜಿಗೆ ಹಾಕಬಾರದು. ಒತ್ತಿ ಮುಚ್ಚಲೂ ಬಾರದು. ಸೀದಾ ರಿಪೇರಿಯವರ ಹತ್ತಿರ ಒಯ್ಯಬೇಕು. ಅವತ್ತು ಅವನನ್ನು ಹಾಗೇ ಬಳ್ಳಾರಿಗೆ ಕಳಿಸಿದೆ.

ಹಾಗಾದರೆ ಫೋನಿಗೆ ಎಷ್ಟು ಹಾಕಬೇಕು? ನನ್ನ ಮಟ್ಟಿಗೆ ಹದಿನೈದರಿಂದ ಇಪ್ಪತ್ತು ಸಾವಿರ. ಅದಕ್ಕಿಂತ ಕೆಳಗೆ ಹೋದರೆ ಸ್ವಲ್ಪ ದಿನಕ್ಕೇ ಫೋನ್ ತೆವಳಲು ಶುರು ಮಾಡುತ್ತದೆ. ಮೇಲೆ ಹೋದರೆ ಒಳ್ಳೆ ಕ್ಯಾಮೆರಾ, ಹೊಳೆಯುವ ಬಾಡಿ ಸಿಗುತ್ತದೆ. ಫೋಟೊ ತೆಗೆಯುವುದೇ ಕಸುಬಾದವರಿಗೆ ಅದು ಬೇಕೇ ಬೇಕು. ನನಗೆ ಬೇಕಿರುವುದು ದುಡ್ಡು ಕಳಿಸಲು ಯುಪಿಐ, ಮಾತಾಡಲು ವಾಟ್ಸ್‌ಆ್ಯಪ್, ಪರ್ಮಿಟ್ ಮತ್ತು ಚೀಟಿಯ ಸ್ಪಷ್ಟ ಫೋಟೊ, ಬಿಸಿಲಲ್ಲೂ ಕಾಣುವ ಸ್ಕ್ರೀನ್. ಇಷ್ಟಕ್ಕೆ ಆ ಬೆಲೆ ಸಾಕು.

ಆ ಬೆಲೆಯೊಳಗೆ ನಾನು ನೋಡುವುದು ಸೆಕ್ಯೂರಿಟಿ ಅಪ್ಡೇಟ್ ಎಷ್ಟು ವರ್ಷ ಅಂತ. ಬ್ಯಾಂಕಿನ ವ್ಯವಹಾರವೆಲ್ಲ ಈಗ ಫೋನಿನಲ್ಲೇ ಅಲ್ವಾ? 2023ರಲ್ಲಿ ಬಂದ ಪಿಕ್ಸೆಲ್ 8ಕ್ಕೆ 7 ವರ್ಷ ಅಪ್ಡೇಟ್ ಕೊಡುತ್ತೇವೆ ಅಂತ ಗೂಗಲ್ ಮಾತು ಕೊಟ್ಟಿತು. ಅದರ ಮರುವರ್ಷ ಸ್ಯಾಮ್‌ಸಂಗ್ ತನ್ನ ಕಡಿಮೆ ಬೆಲೆಯ ಗ್ಯಾಲಕ್ಸಿ ಎ16ಕ್ಕೂ 6 ವರ್ಷ ಅಂದಿತು. ಇದು ನಮ್ಮಂಥವರಿಗೆ ದೊಡ್ಡ ವಿಷಯ. ಮೊದಲೆಲ್ಲ ಕಡಿಮೆ ಬೆಲೆಯ ಫೋನಿಗೆ ಇಷ್ಟು ವರ್ಷ ಅಪ್ಡೇಟ್ ಸಿಗುತ್ತಿರಲಿಲ್ಲ. ಆದರೆ ಅಪ್ಡೇಟ್ ಆರು ವರ್ಷ ಬಂದರೂ ನಮ್ಮ ಬಿಸಿಲಿಗೆ ಬ್ಯಾಟರಿ ಆರು ವರ್ಷ ತಡೆಯುವುದಿಲ್ಲ. ನಡುವೆ ಒಂದು ಸಲವಾದರೂ ಬದಲಿಸಬೇಕು. ಅದಕ್ಕೇ ನಾನು ಬ್ಯಾಟರಿ ಮಾತನ್ನು ಮೊದಲು ಎತ್ತುವುದು. ಊರಲ್ಲಿ ಜಾಸ್ತಿ ಓಡುವ ಮಾಡೆಲ್ ಆದರೆ ಅದರ ಬ್ಯಾಟರಿ, ಡಿಸ್‌ಪ್ಲೇ ರಿಪೇರಿ ಅಂಗಡಿಯಲ್ಲೇ ಇರುತ್ತದೆ. ಅಪರೂಪದ ಮಾಡೆಲ್ ಆದರೆ ಬೆಂಗಳೂರು, ಹೈದರಾಬಾದ್‌ನಿಂದ ತರಿಸಬೇಕು, ಅಲ್ಲಿಯವರೆಗೆ ಕೈ ಖಾಲಿ. ಕಂಪನಿ ಸರ್ವಿಸ್ ಸೆಂಟರ್ ಬೇಕು ಅನ್ನುವವರು ಕೊಳ್ಳುವ ಮುಂಚೆಯೇ ಕಂಪನಿಯ ವೆಬ್‌ಸೈಟ್‌ನಲ್ಲಿ 583101 ಅಂತ ನಮ್ಮ ಪಿನ್‌ಕೋಡ್ ಹಾಕಿ ನೋಡಿ. ಊರಲ್ಲೇ ಇದೆಯಾ, ಹುಬ್ಬಳ್ಳಿಗೆ ಹೋಗಬೇಕಾ ಅಂತ ಆಗಲೇ ಗೊತ್ತಾಗುತ್ತದೆ.

ಕೊಂಡ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲಿಸುವ ಆಯ್ಕೆ ಇದ್ದರೆ ಬೇಸಿಗೆಯಲ್ಲಿ ಹಾಕಿಕೊಳ್ಳಿ. ಈಗ ಬಹಳ ಫೋನ್‌ಗಳಲ್ಲಿ ಇದೆ. ದುಡ್ಡು ಖರ್ಚಿಲ್ಲ, ಬ್ಯಾಟರಿಗೆ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು *#06# ಒತ್ತಿ ಐಎಂಇಐ ನಂಬರ್, ಅಂದರೆ ಆ ಫೋನಿಗೆ ಮಾತ್ರ ಇರುವ ಗುರುತಿನ ನಂಬರ್, ನೋಡಿಕೊಳ್ಳಿ. ಕೆವೈಎಂ ಅನ್ನುವ ಮೂರು ಅಕ್ಷರವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸ್ವಲ್ಪ ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಕದ್ದ ಮಾಲು ಅಂತ ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ದುಡ್ಡು ಕೊಡುವ ಮುಂಚೆ ಇದನ್ನು ಮಾಡಿ.

ಇನ್ನು ಧೂಳು. ಸಂಡೂರು, ತೋರಣಗಲ್ಲು ಕಡೆ ಓಡಾಡುವವರಿಗೆ ಹೇಳಬೇಕಾಗಿಲ್ಲ. ಸಂಜೆ ಮನೆಗೆ ಬಂದು ಕರ್ಚೀಫು ನೀರಿಗೆ ಹಾಕಿದರೆ ನೀರು ಕೆಂಪಾಗುತ್ತದೆ. ಫೋನ್ ಡಬ್ಬಿ ಮೇಲೆ ಐಪಿ 54, ಐಪಿ 68 ಅಂತ ಬರೆದಿರುತ್ತದಲ್ಲ, ಅದರ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಮೊದಲ ಅಂಕಿ 6 ಇದ್ದರೆ ಧೂಳು ಒಳಗೆ ಹೋಗುವುದೇ ಇಲ್ಲ. 5 ಇದ್ದರೆ ಸ್ವಲ್ಪ ಹೋಗಬಹುದು, ಆದರೆ ಕೆಲಸ ನಿಲ್ಲುವಷ್ಟು ಹೋಗುವುದಿಲ್ಲ. ಜಾಹೀರಾತಿನಲ್ಲಿ ಎಲ್ಲರೂ ಫೋನನ್ನು ನೀರಲ್ಲಿ ಮುಳುಗಿಸಿ ತೋರಿಸುತ್ತಾರೆ. ನಮಗೆ ಬೇಕಿರುವುದು ಮೊದಲ ಅಂಕಿ. ಗಣಿ ಕಡೆ ಕೆಲಸ ಮಾಡುವವರು ಇದಕ್ಕೆ ಒಂದೆರಡು ಸಾವಿರ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಧೂಳಿನ ಕೆಲಸ ಸರಿಯಾಗಿ ನೋಡಬೇಕು ಅಂದರೆ ಇಯರ್‌ಬಡ್ಸ್ ಡಬ್ಬಿ ತೆಗೆದು ನೋಡಿ. ನನ್ನ ಜೊತೆ ಕೆಲಸ ಮಾಡುವ ಹುಡುಗನ ಹತ್ತಿರ ಒಂದು ಒಳ್ಳೆ ಬೆಲೆಯ ಜೋಡಿ ಇತ್ತು. ಮುಚ್ಚಳ ಗಟ್ಟಿಯಾಗಿ ಕೂರಲಿ, ಬಡ್ಸ್ ತಮ್ಮ ಗುಳಿಯಲ್ಲಿ ಸರಿಯಾಗಿ ಕೂರಲಿ ಅಂತ ಅದರಲ್ಲಿ ಸಣ್ಣ ಅಯಸ್ಕಾಂತಗಳಿರುತ್ತವೆ. ಸ್ಪೀಕರಿನ ಒಳಗೂ ಒಂದು ಇರುತ್ತದೆ. ನಮ್ಮ ಯಾರ್ಡ್ ಧೂಳಿನಲ್ಲಿ ಇರುವುದೇ ಕಬ್ಬಿಣ. ಮುಚ್ಚಳದ ಅಂಚಿಗೆ ಕಪ್ಪು ಕಣಗಳು ಸಾಲಾಗಿ ಮೀಸೆ ಬಂದ ಹಾಗೆ ನಿಂತಿದ್ದವು. ಬಟ್ಟೆಯಲ್ಲಿ ಒರೆಸಿದರೆ ಹೋಗದೆ ಅತ್ತಿತ್ತ ಜರುಗುತ್ತಿದ್ದವು. ಕಿವಿಗೆ ಹೋಗುವ ಜಾಲರಿಯ ಮೇಲೂ ಅದೇ ಕಥೆ. ಟೇಪ್ ಒತ್ತಿ ಒತ್ತಿ ತೆಗೆದೆವು. ಒಂದು ಕಿವಿಯ ಸದ್ದು ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ.

ಅದು ಹೋಗಲಿ ಅಂದರೂ, ಇಯರ್‌ಬಡ್ಸ್ ಬ್ಯಾಟರಿ ಹುಣಸೆಬೀಜಕ್ಕಿಂತ ಚಿಕ್ಕದು, ಗಮ್ ಹಾಕಿ ಮುಚ್ಚಿರುತ್ತಾರೆ. ಬಹುತೇಕ ಯಾವುದನ್ನೂ ಒಡೆಯದೆ ಬಿಚ್ಚಲು ಆಗುವುದಿಲ್ಲ. ಎರಡು ಮೂರು ವರ್ಷಕ್ಕೆ ಅರ್ಧ ಗಂಟೆಯೂ ನಿಲ್ಲದ ಹಾಗೆ ಆಗುತ್ತದೆ. ಹತ್ತು ಸಾವಿರದ್ದಾದರೂ ಅಷ್ಟೇ, ಸಾವಿರದ್ದಾದರೂ ಅಷ್ಟೇ. ಆದ್ದರಿಂದ ಇದಕ್ಕೆ ಜಾಸ್ತಿ ದುಡ್ಡು ಬೇಡ ಅಂತ ಖಂಡಿತವಾಗಿ ಹೇಳುತ್ತೇನೆ. ನಾನು ಬಳಸುವುದು ಟೈಪ್ ಸಿ ಪಿನ್ ಇರುವ ವೈರ್ ಇಯರ್‌ಫೋನ್. ಐದುನೂರರ ಒಳಗೆ ಬರುತ್ತದೆ. ಚಾರ್ಜ್ ಮಾಡುವ ಗೊಡವೆಯಿಲ್ಲ. ಕಿವಿಗೆ ಗಟ್ಟಿಯಾಗಿ ಕೂರುವ ರಬ್ಬರ್ ಇದ್ದರೆ ಹೊರಗಿನ ಸದ್ದು ಎಷ್ಟೋ ಕಡಿಮೆಯಾಗುತ್ತದೆ, ವಾಲ್ಯೂಮ್ ಏರಿಸುವುದು ತಪ್ಪುತ್ತದೆ. ಇದು ಮುಖ್ಯ. 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ರಷರ್ ಪಕ್ಕ, ಟಿಪ್ಪರ್ ಒಳಗೆ ಹಾಡು ಕೇಳುವವರು ಆ ಸದ್ದನ್ನು ಮೀರಿಸಲು ವಾಲ್ಯೂಮ್ ಪೂರ್ತಿ ಏರಿಸಿರುತ್ತಾರೆ. ಕಿವಿ ಹೋದರೆ ಬದಲಿಸಿ ಕೊಡುವ ಅಂಗಡಿ ಎಲ್ಲೂ ಇಲ್ಲ. ಲಾರಿ ಓಡಿಸುವಾಗಂತೂ ಎರಡೂ ಕಿವಿಗೆ ಏನನ್ನೂ ಹಾಕಿಕೊಳ್ಳಲೇಬೇಡಿ.

ಬ್ಲೂಟೂತ್ ಸ್ಪೀಕರ್ ಪರವಾಗಿಲ್ಲ. ಬಹಳಷ್ಟು ಸ್ಪೀಕರ್‌ಗಳಲ್ಲಿ 18650 ಅನ್ನುವ ಉದ್ದನೆಯ ಸೆಲ್ ಇರುತ್ತದೆ, ಅದನ್ನು ನಮ್ಮೂರ ರಿಪೇರಿಯವರು ಹಾಕಿಕೊಡುತ್ತಾರೆ.

ಚಾರ್ಜರ್ ವಿಷಯದಲ್ಲಿ ಮಾತ್ರ ನನ್ನದು ಹಟ. ಇದಕ್ಕೆ ದುಡ್ಡು ಉಳಿಸಬಾರದು. ಗೋಡೆಯ 230 ವೋಲ್ಟ್‌ಗೂ ಫೋನ್ ಹಿಡಿದ ಮಗಳ ಕೈಗೂ ನಡುವೆ ಇರುವುದು ಈ ಡಬ್ಬಿ ಒಂದೇ. ಒಳ್ಳೆ ಚಾರ್ಜರಿನ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಅಂದರೆ ಬೇಸಿಗೆ ಸಂಜೆ ವೋಲ್ಟೇಜ್ ಬಿದ್ದರೂ ಅದು ಸುಧಾರಿಸಿಕೊಳ್ಳುತ್ತದೆ, ಫೋನಿಗಾಗಿ ಸ್ಟೆಬಿಲೈಸರ್ ಬೇಕಿಲ್ಲ. ತೊಂದರೆ ಇರುವುದು ಕರೆಂಟ್ ಹೋಗಿ ದಿಢೀರನೆ ಬರುವಾಗ, ಮತ್ತೆ ಗುಡುಗು ಸಿಡಿಲಿನಲ್ಲಿ. ಮಳೆಗಾಲದ ಮೊದಲ ಗುಡುಗಿಗೇ ನಮ್ಮ ಮನೆಯಲ್ಲಿ ಪಿನ್ ಎಲ್ಲ ಕೀಳುತ್ತೇವೆ.

ಭಾರತದಲ್ಲಿ ಚಾರ್ಜರ್, ಪವರ್ ಬ್ಯಾಂಕ್ ಮಾರಬೇಕಾದರೆ ಬಿಐಎಸ್ ಅನ್ನುವ ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆಯಲ್ಲಿ ನೋಂದಣಿ ಕಡ್ಡಾಯ. ಸಾಮಾನಿನ ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ಬರುತ್ತದೆ. ನಾನು ಅಂಗಡಿಯಲ್ಲಿ ನಿಂತೇ ನೋಡುತ್ತೇನೆ. ಒಮ್ಮೆ ಒಂದು ಅಂಗಡಿಯಲ್ಲಿ ಹಾಗೆ ನೋಡಿದಾಗ ನಂಬರ್ ಬೇರೆ ಯಾವುದೋ ಕಂಪನಿಯದು ಅಂತ ಬಂತು. ಡಬ್ಬಿ ವಾಪಸ್ ಇಟ್ಟು ಬಂದೆ. ಅಂಗಡಿಯವನು "ಎಲ್ಲರೂ ಇದನ್ನೇ ಒಯ್ಯುತ್ತಾರೆ" ಅಂದ. ಒಯ್ಯಲಿ.

ಪವರ್ ಬ್ಯಾಂಕ್ ನನ್ನ ಪಟ್ಟಿಯಲ್ಲಿ ಮೇಲಿದೆ. ಕಾಟಾದ ಕೋಣೆಯಲ್ಲಿ ಕರೆಂಟ್ ಹೋದರೆ ಜನರೇಟರ್ ತೂಕದ ಮೆಷಿನ್‌ಗೆ, ಕಂಪ್ಯೂಟರ್‌ಗೆ ಮಾತ್ರ. ಫೋನಿಗೆ ನಮ್ಮದು ನಾವೇ ನೋಡಿಕೊಳ್ಳಬೇಕು. ಕೊಳ್ಳುವಾಗ ಒಂದು ಲೆಕ್ಕ ತಿಳಿದಿರಲಿ. 10,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅನ್ನುವುದು ಒಳಗಿನ ಸೆಲ್‌ನ ಲೆಕ್ಕ, 3.7 ವೋಲ್ಟ್‌ನಲ್ಲಿ. ಅಂದರೆ 37 ವ್ಯಾಟ್ ಅವರ್. ಫೋನಿಗೆ ಹೋಗುವುದು 5 ವೋಲ್ಟ್‌ನಲ್ಲಿ, ನಡುವೆ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಹಾಗಾಗಿ 5 ವೋಲ್ಟ್ ಲೆಕ್ಕದಲ್ಲಿ ಕೈಗೆ ಸಿಗುವುದು ಸುಮಾರು ಆರು ಸಾವಿರ ಎಂಎಎಚ್. ಡಬ್ಬಿಯ ಹಿಂದೆ ರೇಟೆಡ್ ಕೆಪ್ಯಾಸಿಟಿ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವುದು ಇದೇ. ಫೋನಿನ ಬ್ಯಾಟರಿ 5 ವೋಲ್ಟ್‌ಗಿಂತ ಕಡಿಮೆಯದು, ಹಾಗಾಗಿ 5,000ದ ಬ್ಯಾಟರಿ ಇರುವ ಫೋನನ್ನು ಇದು ಸುಮಾರು ಒಂದೂವರೆ ಸಲ ತುಂಬುತ್ತದೆ, ಎರಡು ಸಲ ಅಲ್ಲ. ಕಂಪನಿಯವರು ಮೋಸ ಮಾಡಿದರು ಅಂತ ಜಗಳ ತೆಗೆಯುವವರನ್ನು ನೋಡಿದ್ದೇನೆ. ಇದರಲ್ಲಿ ಮೋಸ ಇಲ್ಲ. ಮೋಸ ಇರುವುದು ಮುನ್ನೂರು ರೂಪಾಯಿಗೆ 20,000 ಅಂತ ಮಾರುವುದರಲ್ಲಿ. ಅಷ್ಟು ದುಡ್ಡಿಗೆ ಒಳಗಿನ ಸೆಲ್ ಕೂಡ ಬರುವುದಿಲ್ಲ.

10,000ದ್ದೇ ಸಾಕು. ಅಂಗಿ ಜೇಬಿಗಲ್ಲದಿದ್ದರೂ ಊಟದ ಬ್ಯಾಗಿಗೆ ಹಿಡಿಯುತ್ತದೆ. ಡ್ಯಾಶ್‌ಬೋರ್ಡ್ ಮೇಲೆ, ಬೈಕಿನ ಟ್ಯಾಂಕ್ ಕವರ್ ಒಳಗೆ ಇಡಬೇಡಿ.

ಮನೆಯಲ್ಲಿ ವೈಫೈ ಇದ್ದವರು ರೌಟರ್‌ಗೆ ಹಾಕುವ ಚಿಕ್ಕ ಯುಪಿಎಸ್ ತಗೊಳ್ಳಿ. ಸಾವಿರದ ಆಸುಪಾಸು. ರೌಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೆ ಯುಪಿಎಸ್ ಕೂಡ 12 ವೋಲ್ಟ್‌ನದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಮಗಳ ಆನ್‌ಲೈನ್ ಪರೀಕ್ಷೆಯ ನಡುವೆ ಕರೆಂಟ್ ಹೋಗಿ, ಅವಳು ತಲೆ ಎತ್ತದೆ ಬರೆಯುತ್ತಲೇ ಇದ್ದದ್ದನ್ನು ನೋಡಿದ ಮೇಲೆ ಇದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ನನಗೆ ಬಹಳ ಹೇಳಬೇಕಾಗಿರುವುದು ಇದೇ.

ಸ್ಮಾರ್ಟ್ ವಾಚ್‌ನಲ್ಲಿ ಬಿಪಿ ಬರುತ್ತದೆ, ಶುಗರ್ ಬರುತ್ತದೆ ಅಂತ ಎರಡು ಸಾವಿರಕ್ಕೆ ಮಾರುತ್ತಾರೆ. ಊರಿನ ಒಬ್ಬರು ಅಪ್ಪನಿಗೂ ತಂದುಕೊಡಲು ಹೇಳಿದ್ದರು. ನಾನು ಬೇಡ ಅಂದೆ. ಸೂಜಿ ಚುಚ್ಚದೆ ಶುಗರ್ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ. ಶುಗರ್ ತಪ್ಪಾಗಿ ತೋರಿಸಿದರೆ ಮಾತ್ರೆ, ಇನ್ಸುಲಿನ್ ಹೆಚ್ಚು ಕಡಿಮೆ ಆಗಿ ಜೀವಕ್ಕೇ ಸಂಚಕಾರ. ಹೆಜ್ಜೆ ಎಣಿಸಲು, ಟೈಮ್ ನೋಡಲು ವಾಚ್ ಬೇಕಿದ್ದರೆ ತಗೊಳ್ಳಿ. ರೋಗ ನೋಡಲು ಬೇಡ.

ಅದೇ ದುಡ್ಡಿಗೆ ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮೆಷಿನ್ ಬರುತ್ತದೆ. ಮಣಿಕಟ್ಟಿನದು ಬೇಡ, ತೋಳಿನದೇ ತಗೊಳ್ಳಿ. ಪಟ್ಟಿಯ ಮೇಲೆ 22ರಿಂದ 32 ಸೆಂಟಿಮೀಟರ್ ಅಥವಾ 22ರಿಂದ 42 ಅಂತ ಬರೆದಿರುತ್ತದೆ. ಅದು ತೋಳಿನ ಸುತ್ತಳತೆ. ಟೇಲರ್ ಟೇಪಿನಲ್ಲಿ ತೋಳು ಅಳೆದು ಆಮೇಲೆ ಕೊಳ್ಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಜಾಸ್ತಿ ತೋರಿಸುತ್ತದೆ. ಯಾವ ಮಾಡೆಲ್ ಸರಿಯಾಗಿ ಪರೀಕ್ಷೆಯಾಗಿದೆ ಅಂತ ಸ್ಟ್ರೈಡ್ ಬಿಪಿ ಅನ್ನುವ ವೆಬ್‌ಸೈಟ್‌ನಲ್ಲಿ ಪಟ್ಟಿ ಇದೆ, ನಾನು ಅದರಲ್ಲಿ ನೋಡಿಯೇ ತಂದೆ. ಅಪ್ಪನ ಮೆಷಿನ್‌ಗೆ ಬೇಕಿರುವುದು ಪೆನ್ಸಿಲ್ ಸೆಲ್ ನಾಲ್ಕು. ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಬೇರೆ ಯಾವ ಸಾಮಾನೂ ಕೊಟ್ಟಿಲ್ಲ.

ಅಪ್ಪ ಮೊದಲು ಹೊಲದಿಂದ ಬಂದವರೇ ನಿಂತುಕೊಂಡು ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಬಿಪಿ ಏರಿದೆ ಅಂತ ನನಗೆ ಫೋನ್. "ಅಪ್ಪಾ, ಐದು ನಿಮಿಷ ಸುಮ್ನೆ ಕುರ್ಚಿ ಮೇಲೆ ಕೂತ್ಕೋ. ಪಾದ ನೆಲಕ್ಕಿರಲಿ, ಬೆನ್ನು ಆನಿಸು, ಕೈ ಎದೆ ಮಟ್ಟಕ್ಕೆ ಮೇಜಿನ ಮೇಲಿಡು, ಮಾತಾಡಬೇಡ" ಅಂತ ಹೇಳಿಕೊಟ್ಟೆ. ಚಹಾ ಕುಡಿದ ಅರ್ಧ ಗಂಟೆಯೊಳಗೆ ನೋಡಬಾರದು ಅಂತಲೂ ಹೇಳಿದೆ. ಈಗ ಬರುವ ಅಂಕಿ ಡಾಕ್ಟರ ಹತ್ತಿರ ಬರುವುದಕ್ಕೆ ಹತ್ತಿರ ಇರುತ್ತದೆ. ಒಂದು ಹಳೇ ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡುತ್ತಾರೆ. ಡಾಕ್ಟರು ಮೊದಲು ಕೇಳುವುದು ಆ ಬುಕ್ಕನ್ನೇ.

ಶುಗರ್ ನೋಡುವ ಗ್ಲೂಕೋಮೀಟರ್ ಬೆಲೆ ಮೋಸ ಮಾಡುತ್ತದೆ, ಹುಷಾರು. ಮೆಷಿನ್ ಅಗ್ಗ, ಖರ್ಚೆಲ್ಲ ಸ್ಟ್ರಿಪ್‌ನಲ್ಲಿ. ಮೆಷಿನ್ ಕೊಳ್ಳುವ ಮುಂಚೆ ಅದರ ಸ್ಟ್ರಿಪ್ ಸಿರುಗುಪ್ಪದ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದಾ, ಒಂದಕ್ಕೆ ಎಷ್ಟು ಬೀಳುತ್ತದೆ ಅಂತ ವಿಚಾರಿಸಿಕೊಂಡೆ. ಇಲ್ಲೂ ಬಿಸಿಲು ಬಂತು. ಅಪ್ಪನ ಸ್ಟ್ರಿಪ್ ಡಬ್ಬಿಯ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿದೆ. ತಗಡಿನ ಮನೆಯಲ್ಲಿ, ಕಿಟಕಿ ಗೂಡಿನಲ್ಲಿ ಇಟ್ಟರೆ ಮೇ ತಿಂಗಳಲ್ಲಿ ಅದು ಉಳಿಯುವುದಿಲ್ಲ, ತಪ್ಪು ಅಂಕಿ ತೋರಿಸುತ್ತದೆ. ಅದಕ್ಕೇ 50ರ ಡಬ್ಬಿ ಬಿಟ್ಟು 25ರದ್ದು ತರುತ್ತೇವೆ. ಮನೆಯೊಳಗೆ ತಂಪಾದ ಕೋಣೆಯಲ್ಲಿ, ಮುಚ್ಚಳ ಬಿಗಿ ಮಾಡಿ ಇಡುತ್ತಾರೆ. ಇನ್ನೊಂದು ಮಾತು. 15197 ಅನ್ನುವ ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಶುಗರ್ 100 ಇದ್ದರೆ ಅಥವಾ ಅದಕ್ಕಿಂತ ಮೇಲಿದ್ದರೆ ಮನೆಯ ಮೆಷಿನ್ ತೋರಿಸುವುದು ಲ್ಯಾಬಿನ ಅಂಕಿಗಿಂತ 15 ಪರ್ಸೆಂಟ್ ಆಚೀಚೆ ಇರಬಹುದು. ಲ್ಯಾಬಿನಲ್ಲಿ 200 ಬಂದದ್ದು ಮನೆಯಲ್ಲಿ 180 ಅಂತಲೋ 220 ಅಂತಲೋ ಬಂದರೆ ಮೆಷಿನ್ ಕೆಟ್ಟಿದೆ ಅಂತ ಎಸೆಯಬೇಡಿ.

ಲ್ಯಾಪ್‌ಟಾಪ್. ಮಗಳಿಗೆ ಹೊಸದು ಕೊಳ್ಳಲಿಲ್ಲ. ಆಫೀಸುಗಳಲ್ಲಿ ಬಳಸಿ ಬಿಟ್ಟ, ರಿಫರ್ಬಿಷ್ಡ್ ಅಂತ ಮಾರುವ ದಪ್ಪ ಮಾಡೆಲ್ ತಂದೆ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವುದು ಜಾಸ್ತಿ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಇದರಲ್ಲಿ ಕೆಳಗಿನ ಸ್ಕ್ರೂ ಬಿಚ್ಚಿದರೆ ರ್‍ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಎಲ್ಲ ಕೈಗೆ ಬರುತ್ತದೆ. ಹಳೆಯದು ಕೊಳ್ಳುವವರು ಒಂದು ನೋಡಲೇಬೇಕು: ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಬೇಕು ಅಂದರೆ ಇಂಟೆಲ್ 8ನೇ ಜನರೇಷನ್ ಅಥವಾ ಅದರ ಮೇಲಿನ ಪ್ರೊಸೆಸರ್, ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಇರಬೇಕು. ಐ5, ಐ7 ಅನ್ನುವ ಹೆಸರಿಗೆ ಮರುಳಾಗಬೇಡಿ. 6ನೇ ಜನರೇಷನ್‌ನ ಐ7ಗಿಂತ 8ನೇ ಜನರೇಷನ್‌ನ ಐ5 ನಮ್ಮ ಕೆಲಸಕ್ಕೆ ಒಳ್ಳೆಯದು.

ನಮ್ಮ ಮನೆಯವಳ ಯೂನಿಟ್‌ನ ಲ್ಯಾಪ್‌ಟಾಪ್ ಒಮ್ಮೆ ಬಿಸಿಯಾಗಿ ಪದೇ ಪದೇ ಆಫ್ ಆಗುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನಿನ ಮುಂದಿನ ಜಾಲಿಗೆ ನೀಲಿ ಜೀನ್ಸ್ ನೂಲಿನ ಹಿಂಜು ಕಂಬಳಿಯಂತೆ ಒತ್ತಿ ಕೂತಿತ್ತು. ಬೆರಳಲ್ಲಿ ಎತ್ತಿದರೆ ಇಡೀ ಪದರ ಒಂದೇ ತುಂಡಾಗಿ ಬಂತು. ಅದನ್ನು ತೆಗೆದು, ಪ್ರೊಸೆಸರ್ ಬಿಸಿ ಸಾಗಿಸುವ ಪೇಸ್ಟ್ ಹಚ್ಚಿದ ಮೇಲೆ ಆಫ್ ಆಗುವುದು ನಿಂತಿತು. ಹೊಸ ಲ್ಯಾಪ್‌ಟಾಪ್‌ಗೆ ಕೊಟೇಷನ್ ಆಗಲೇ ಬಂದಿತ್ತು. ಹೊಲಿಗೆ ಯೂನಿಟ್ ಇರುವವರು ವರ್ಷಕ್ಕೊಮ್ಮೆ ಬಿಚ್ಚಿಸಿ ಕ್ಲೀನ್ ಮಾಡಿಸಿ.

ಟ್ಯಾಬ್ ನಮ್ಮ ಮನೆಗೆ ಬೇಕಾಗಿಲ್ಲ. ಫೋನೂ ಲ್ಯಾಪ್‌ಟಾಪೂ ಇದ್ದವರಿಗೆ ಅದರ ಕೆಲಸ ಕಡಿಮೆ.

ಇಷ್ಟು ಹೊತ್ತು ಹಾಕಿಕೊಡುವವರು, ಹಾಕಿಕೊಡುವವರು ಅಂದೆನಲ್ಲ, ನಾನು ಹೋಗುವ ಅಂಗಡಿ ಬೆಂಗಳೂರು ರೋಡಿನಿಂದ ಒಳಗೆ ಹೋಗುವ ಓಣಿಯಲ್ಲಿದೆ. ಬೋರ್ಡು ಕೂಡ ಅರ್ಧ ಮಾಸಿದೆ. ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕು. ಹುಡುಗ ಮೊದಲೇ ಕೇಳುತ್ತಾನೆ: "ಅಣ್ಣಾ, ಒರಿಜಿನಲ್ ಹಾಕ್ಲಾ, ಕಾಪಿ ಹಾಕ್ಲಾ?" ಎರಡರ ಬೆಲೆಯನ್ನೂ ಹೇಳುತ್ತಾನೆ. ಒರಿಜಿನಲ್ ಇಲ್ಲದಿದ್ದರೆ ಇಲ್ಲ ಅನ್ನುತ್ತಾನೆ. ಈ ಒಂದು ಕಾರಣಕ್ಕೇ ಅವನ ಹತ್ತಿರ ಹೋಗುವುದು.

ಅವನು ಕೆಲಸ ಮಾಡುವುದನ್ನು ನಿಂತು ನೋಡಬಹುದು. ಮೊದಲು ಫೋನನ್ನು ಬಿಸಿ ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಇಡುತ್ತಾನೆ, ಗಮ್ ಮೆತ್ತಗಾಗಲಿ ಅಂತ. ಆಮೇಲೆ ರಬ್ಬರ್ ಕಪ್ ಅಂಟಿಸಿ ಎಳೆದು, ಎದ್ದ ಸಂದಿಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಸುತ್ತ ಎಳೆಯುತ್ತಾನೆ. ಬ್ಯಾಟರಿ ಕೆಳಗೆ ಕಬ್ಬಿಣದ ಸಾಮಾನು ಹಾಕುವುದಿಲ್ಲ. ಸ್ಪಿರಿಟ್ ಎರಡು ಹನಿ ಬಿಟ್ಟು, ಕಾದು, ಪ್ಲಾಸ್ಟಿಕ್‌ನಲ್ಲೇ ಎಬ್ಬಿಸುತ್ತಾನೆ. ಅವಸರ ಮಾಡಿ ಬ್ಯಾಟರಿ ಮಡಚಿದರೆ, ಚುಚ್ಚಿದರೆ ಬೆಂಕಿ ಹತ್ತುತ್ತದೆ ಅಂತ ಅವನಿಗೆ ಗೊತ್ತು. ಚಾರ್ಜಿಂಗ್ ತೂತಿನಲ್ಲಿ ಗಟ್ಟಿಯಾಗಿ ಕೂತ ಕೆಂಪು ಧೂಳನ್ನು ಮರದ ಕಡ್ಡಿಯಲ್ಲಿ ಕೆದಕಿ ತೆಗೆಯುತ್ತಾನೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ಚಾರ್ಜ್ ಆಗುತ್ತಿಲ್ಲ ಅಂತ ಬರುವ ಎಷ್ಟೋ ಫೋನ್ ಇಷ್ಟಕ್ಕೇ ಸರಿಹೋಗುತ್ತದೆ. ಕೊನೆಗೆ ಬಿ-7000 ಗಮ್ ಸುತ್ತ ಎಳೆದು, ಕ್ಲಿಪ್ ಹಾಕಿ ಒಣಗಲು ಬಿಡುತ್ತಾನೆ.

ಒಂದು ಕೊರತೆ ಇದೆ, ಅದನ್ನು ಅವನೇ ಹೇಳುತ್ತಾನೆ. ಒಮ್ಮೆ ಬಿಚ್ಚಿದ ಫೋನಿಗೆ ಕಂಪನಿ ಕೊಟ್ಟ ಐಪಿ 68 ಮೊದಲಿನ ಹಾಗೆ ಉಳಿಯುವುದಿಲ್ಲ. ಧೂಳಿಗೆ ಪರವಾಗಿಲ್ಲ ಅನ್ನಬಹುದು, ನೀರಿಗೆ ಇಳಿಸಬಾರದು. ವಾರಂಟಿ ಇರುವ ಫೋನಾದರೆ ಅವನು ಮುಟ್ಟುವುದೇ ಇಲ್ಲ, ಸರ್ವಿಸ್ ಸೆಂಟರ್‌ಗೆ ಕಳಿಸುತ್ತಾನೆ.

ನಾನು ಹಾಕಿಸಿದ ಬ್ಯಾಟರಿಗೆ ಸಾವಿರದ ಇನ್ನೂರು ಆಯಿತು. ಬಿಲ್ ಮೇಲೆ ಮೂರು ತಿಂಗಳು ಗ್ಯಾರಂಟಿ ಅಂತ ಕೈಯಲ್ಲಿ ಬರೆದು ಸೀಲ್ ಹಾಕಿದ. ಎಲ್ಲಿ ಕೊಂಡರೂ, ಎಲ್ಲಿ ರಿಪೇರಿ ಮಾಡಿಸಿದರೂ ಬಿಲ್ ಕೇಳಿ ತಗೊಳ್ಳಿ. ಅಂಗಡಿಯವರು ಮಾತು ತಪ್ಪಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಬಿಲ್ ಇಲ್ಲದಿದ್ದರೆ ದೂರು ನಿಲ್ಲುವುದು ಕಷ್ಟ. ಸಂಜೆ ಐದರ ಮೇಲೆ ಆ ಓಣಿಯಲ್ಲಿ ಬೈಕ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ, ಗಿರಾಕಿ ಕಡಿಮೆ ಇರುತ್ತಾರೆ, ಹುಡುಗ ನಿಧಾನವಾಗಿ ನೋಡಿಕೊಡುತ್ತಾನೆ. ಫೋನ್ ಕೊಡುವ ಮುಂಚೆ ಫೋಟೊ, ನಂಬರ್ ಎಲ್ಲ ಬೇರೆ ಕಡೆ ಉಳಿಸಿಕೊಂಡು, ಸಿಮ್ ತೆಗೆದುಕೊಂಡು ಹೋಗಿ.